ಊರಿನ ಹಾಡು ಉಳಿಸಲು ಸಣ್ಣ ಅನುದಾನ: ಯಾರನ್ನು ಕೇಳುವುದು, ಏನೆಂದು ಕೇಳುವುದು?

ಪ್ರಶ್ನೆ: ನಾನು ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ನಮ್ಮೂರಲ್ಲಿ ಬೀಸುಕಲ್ಲಿನ ಪದ ಬರುವ ಅಜ್ಜಿಯರು ಏಳೆಂಟು ಮಂದಿ ಉಳಿದಿದ್ದಾರೆ. ಮೊಹರಂ ಪದ ಹಾಡುವ ಮೇಳ ಇದೆ. ಒಬ್ಬರ ಮನೆಯಲ್ಲಿ ದೊಡ್ಡಾಟದ ಹಳೆಯ ಹಸ್ತಪ್ರತಿಗಳಿವೆ. ಊರ ಅಗಸೆ ಬಾಗಿಲು ಬೀಳುವ ಹಂತಕ್ಕೆ ಬಂದಿದೆ. ನಾನು ಮತ್ತು ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ ಇದನ್ನೆಲ್ಲ ಉಳಿಸಬೇಕೆಂದಿದ್ದೇವೆ. ಒಂದೂವರೆ ಲಕ್ಷ ಸಿಕ್ಕರೆ ಸಾಕು. ಯಾರು ಕೊಡುತ್ತಾರೆ? ಅರ್ಜಿ ಹೇಗೆ ಬರೆಯಬೇಕು? ಟ್ರಸ್ಟ್ ಮಾಡಿಸಲೇಬೇಕೇ?

ಉತ್ತರ: ನಮಸ್ಕಾರ ಅಕ್ಕೋರೆ. ನೀವು ಬರೆದಿರುವುದು ಒಂದು ಕೆಲಸವಲ್ಲ, ನಾಲ್ಕು. ನಾಲ್ಕನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಹೋಗುತ್ತದೆ. ಓದುವವರಿಗೆ ನಿಮ್ಮ ಪ್ರೀತಿ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಸಣ್ಣ ಅನುದಾನ ಅಂದರೆ ಒಂದು ವರ್ಷದೊಳಗೆ ಮುಗಿಯುವ, ಮುಗಿದಿದೆ ಎಂದು ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದೇ ಕೆಲಸಕ್ಕೆ ಸಿಗುವ ಹಣ.

ನಾನಾದರೆ ಅಜ್ಜಿಯರ ಪದವನ್ನು ಮೊದಲು ಹಿಡಿಯುತ್ತೇನೆ. ಮೊಹರಂ ಮೇಳಕ್ಕೆ ಇವತ್ತಿಗೂ ಒಂದು ಸಂದರ್ಭ ಇದೆ. ವರ್ಷಕ್ಕೊಮ್ಮೆ ಅಲಾಯಿ ದೇವರು ಕೂರುತ್ತಾವೆ, ಕತ್ತಲ ರಾತ್ರಿ ಬರುತ್ತದೆ, ಹಿರಿಯರ ಹಿಂದೆ ನಾಲ್ಕು ಹುಡುಗರು ನಿಂತು ಹೆಜ್ಜೆ ಹಾಕುತ್ತಾರೆ. ಮುದಗಲ್ಲಿನ ಮೊಹರಂ ನೋಡಲು ಇಂದಿಗೂ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಬೀಸುವ ಪದಕ್ಕೆ ಅಂಥ ಸಂದರ್ಭ ಉಳಿದಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನದಿಂದ ಅದನ್ನು ಹೊಸದಾಗಿ ಕಲಿಯುವ ಕಾರಣವೇ ಹೋಯಿತು. ಈಗ ಇರುವ ಏಳೆಂಟು ಮಂದಿಯ ನೆನಪಿನಲ್ಲಿ ಇದ್ದಷ್ಟೇ ಅದರ ಒಟ್ಟು ಆಸ್ತಿ. ಮೊಹರಂ ಪದ ಎರಡನೇ ಅರ್ಜಿಗೆ ಇರಲಿ. ಮೊದಲನೆಯದನ್ನು ಮುಗಿಸಿದ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಎರಡನೆಯದು ಸಲೀಸು.

ಇನ್ನು ಹಣ. ನೀವು ಸರ್ಕಾರಿ ಶಾಲೆಯ ಶಿಕ್ಷಕಿ ಎನ್ನುವುದೇ ನಿಮ್ಮ ದೊಡ್ಡ ಅನುಕೂಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಆರಂಭವಾದ ಸಂಸ್ಥೆ. ಅದರ 'ಕಲಿ-ಕಲಿಸು' ಎಂಬ ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ, ಶಾಲೆಯ ಜೊತೆ ಕೆಲಸ ಮಾಡುವ ಕಲಾವಿದರಿಗೆ ಅನುದಾನ ಕೊಡುತ್ತ ಬಂದಿದೆ. ಊರಿನ ಕಲೆ, ಊರಿನ ತಿಳಿವಳಿಕೆ ತರಗತಿಯೊಳಗೆ ಬರಬೇಕು ಎನ್ನುವುದು ಅದರ ತಿರುಳು. ಕನ್ನಡದಲ್ಲೇ ಬರೆಯಬಹುದು, ಸಂಘ-ಟ್ರಸ್ಟ್ ಬೇಕಿಲ್ಲ, ವ್ಯಕ್ತಿಯ ಹೆಸರಿಗೇ ಕೊಡುತ್ತಾರೆ. ಆದರೆ ಬರೀ ಧ್ವನಿಮುದ್ರಣ ಮಾಡುತ್ತೇವೆ ಎಂದರೆ ಇಲ್ಲಿ ಸಾಲದು, ಮಕ್ಕಳು ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಮನೆಯ, ಓಣಿಯ ಅಜ್ಜಿಯರ ಮುಂದೆ ಕೂತು ಪದ ಕೇಳಿ ಬರೆದುಕೊಳ್ಳುವುದು, ಅದರಲ್ಲಿ ತ್ರಿಪದಿಯನ್ನು ಗುರುತಿಸುವುದು ನಿಮ್ಮ ಕನ್ನಡ ಪಾಠವೇ ಅಲ್ಲವೇ? ಇದನ್ನು ಯೋಜನೆಗೆ ಹೊಲಿದು ಸೇರಿಸಬೇಕಾಗಿಲ್ಲ, ಅದು ಮೊದಲೇ ಅಲ್ಲಿದೆ. ಒಂದೇ ಎಚ್ಚರಿಕೆ: ನೀವು ಸರ್ಕಾರಿ ನೌಕರರು. ಹೊರಗಿನ ಹಣ ಕೈಗೆ ಬರುವ ಮುಂಚೆ ಮುಖ್ಯೋಪಾಧ್ಯಾಯರ ಮೂಲಕ ಬಿಇಒ ಕಚೇರಿಗೆ ಬರೆದು, ಅನುಮತಿಯನ್ನು ಕಾಗದದ ಮೇಲೆ ಪಡೆಯಿರಿ. ಬಾಯಿಮಾತಿನ 'ಆಗಲಿ ಮೇಡಂ' ಸಾಹೇಬರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ 25 ದಾಟಿದ, ಜಾನಪದದಲ್ಲಿ ನಿಜವಾದ ಆಸಕ್ತಿಯಿರುವ ಪದವೀಧರರು ಇದ್ದರೆ ಇನ್ನೊಂದು ದಾರಿ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್. ಕಿರಿಯ ಫೆಲೋಶಿಪ್ 25ರಿಂದ 40 ವರ್ಷದವರಿಗೆ ತಿಂಗಳಿಗೆ 10,000 ರೂಪಾಯಿ, ಹಿರಿಯದು 40 ದಾಟಿದವರಿಗೆ 20,000, ಎರಡೂ ಎರಡು ವರ್ಷದ ಅವಧಿಗೆ. ಸಿಸಿಆರ್‌ಟಿ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಇಲ್ಲಿ ಪೈಪೋಟಿ ದೇಶದ ಮಟ್ಟದ್ದು, ಹಣ ತಿಂಗಳು ತಿಂಗಳು ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಅದೇ ಸಚಿವಾಲಯ ಸಂಗೀತ ನಾಟಕ ಅಕಾಡೆಮಿಯ ಮೂಲಕ 2013-14ರಿಂದ ಮೌಖಿಕ ಪರಂಪರೆಗಳ ರಕ್ಷಣೆಗೆಂದೇ ಒಂದು ಯೋಜನೆ ನಡೆಸಿದೆ. ಅರ್ಜಿ ಕರೆದಾಗ ಕಣ್ಣಿಡಿ, ಅದನ್ನೇ ನೆಚ್ಚಿ ಕೂರಬೇಡಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಸಂಘ-ಸಂಸ್ಥೆಗಳಿಗೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ನೋಂದಣಿ ಪತ್ರ, ಲೆಕ್ಕ ಪರಿಶೋಧನೆಯ ವರದಿ, ಹಿಂದಿನ ಕಾರ್ಯಕ್ರಮಗಳ ದಾಖಲೆ ಎಲ್ಲ ಕೇಳುತ್ತಾರೆ. ಇವತ್ತು ಹುಟ್ಟಿದ ಸಂಘಕ್ಕೆ ಇದು ದಕ್ಕುವ ಮಾತಲ್ಲ. ಆದರೂ ರಾಯಚೂರಿನ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಬನ್ನಿ, ಬೇರೊಂದು ಕಾರಣಕ್ಕೆ. ಇಲಾಖೆ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅಜ್ಜಿಯರು 'ನಾವೇನು ಕಲಾವಿದರು ತಾಯಿ, ಜೋಳ ಬೀಸಿದೋರು' ಅನ್ನುತ್ತಾರೆ. ತಾವು ಹಾಡುಗಾರರು ಎಂದು ತೋರಿಸಲು ಅವರ ಬಳಿ ಒಂದು ತುಂಡು ಕಾಗದವೂ ಇರುವುದಿಲ್ಲ. ನೀವು ಮಾಡುವ ಧ್ವನಿಮುದ್ರಣ, ಪುಸ್ತಿಕೆ ನಾಳೆ ಅವರ ಅರ್ಜಿಗೆ ಆಧಾರವಾದರೂ ಆಗಬಹುದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣದ ಮಾತು ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ನಿಮ್ಮ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ, ಆಚೆ ಶಕ್ತಿನಗರದ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕು ಇರುವಾಗ ಇದು ಸಹಜ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಸೇರಿದೆ, ನಿಜ. ಆದರೆ ಕಂಪನಿ ಹೊರಗಿನ ಸಂಸ್ಥೆಯೊಂದಕ್ಕೆ ಈ ಹಣ ಕೊಡಬೇಕಾದರೆ ಆ ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ಮತ್ತು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಇರಬೇಕು. ಕಂಪನಿಯವರಿಗೂ ಶಾಲೆಯ ಕೊಠಡಿ, ನೀರಿನ ಘಟಕ ತೋರಿಸುವುದು ಸುಲಭ, ಅದರ ಮೇಲೆ ಫಲಕ ಹಾಕಬಹುದು. ಹಾಡಿನ ಮೇಲೆ ಎಲ್ಲಿ ಹಾಕುತ್ತಾರೆ? ಕೇಳುವುದಿದ್ದರೆ ಪುಸ್ತಿಕೆಯ ಮುದ್ರಣದ ಖರ್ಚನ್ನಷ್ಟೇ ಕೇಳಿ. ವಿದೇಶಿ ಅನುದಾನಗಳ ತಂಟೆಗೆ ಸದ್ಯಕ್ಕೆ ಹೋಗಬೇಡಿ. ವಿದೇಶಿ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷದ ಕೆಲಸ, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿದ ಲೆಕ್ಕ ಕೇಳುತ್ತಾರೆ.

ಟ್ರಸ್ಟ್ ಮಾಡಿಸಲೇಬೇಕೇ ಎಂದು ಕೇಳಿದ್ದೀರಿ. ಒಂದು ಅನುದಾನಕ್ಕಾಗಿ ಮಾಡಿಸಬೇಡಿ. ಟ್ರಸ್ಟ್ ಬದಲು ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಜನ ಸಾಕು. ಏಳು ಸಹಿ ಸಿಗುವುದೂ ಕಷ್ಟವಲ್ಲ. ಕಷ್ಟ ಇರುವುದು ಆಮೇಲೆ. ವರ್ಷವರ್ಷ ಪಟ್ಟಿ ಸಲ್ಲಿಸಬೇಕು, ಆಡಿಟ್ ಆಗಬೇಕು, ಅಧ್ಯಕ್ಷರು ಯಾರು ಎಂಬ ಮುನಿಸು ತೀರಬೇಕು. ಹಾಡು ಕೇಳಲು ಹೊರಟವರು ರಶೀದಿ ಪುಸ್ತಕ ಕಾಯುತ್ತ ಕೂರುತ್ತಾರೆ. ಯಾರಾದರೂ ಸಂಸ್ಥೆಯ ಮೂಲಕವೇ ಬನ್ನಿ ಎಂದರೆ, ಹತ್ತು ವರ್ಷದಿಂದ ಲೆಕ್ಕ ಸರಿಯಾಗಿಟ್ಟ ಹತ್ತಿರದ ಸಂಘ ಒಂದನ್ನು ಹುಡುಕಿ, ಅದರ ಖಾತೆಗೆ ಹಣ ಬಂದು ನಿಮ್ಮ ಕೆಲಸಕ್ಕೆ ಹೋಗುವ ಹಾಗೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಮಾತ್ರ ಈ ಹಣ ಹಾಕಿಸಬೇಡಿ. ಬಿಸಿಯೂಟದ, ಕಟ್ಟಡದ ಲೆಕ್ಕದ ಮಧ್ಯೆ ಅಜ್ಜಿಯರ ಗೌರವಧನ ಸಿಕ್ಕಿಬಿದ್ದರೆ ಬಿಡಿಸುವವರಿಲ್ಲ.

ಅರ್ಜಿಯ ಬರವಣಿಗೆಗೆ ಬರೋಣ. ಆಯ್ಕೆ ಸಮಿತಿಗಳಲ್ಲಿ ಕೂತು ಓದಿದ ಅರ್ಜಿಗಳಲ್ಲಿ ಮುಕ್ಕಾಲು ಪಾಲು 'ಜಾಗತೀಕರಣದ ಭರಾಟೆಯಲ್ಲಿ ನಮ್ಮ ಶ್ರೀಮಂತ ಜಾನಪದ ನಶಿಸುತ್ತಿದೆ' ಎಂದೇ ಶುರುವಾಗುತ್ತವೆ. ಆ ವಾಕ್ಯ ಕಂಡ ಕೂಡಲೇ ಕಣ್ಣು ತಾನಾಗಿ ಮುಂದಿನ ಪುಟಕ್ಕೆ ಜಾರುತ್ತದೆ. ಅದರ ಬದಲು ಹೀಗೆ ಬರೆಯಿರಿ: 'ನಮ್ಮ ಊರಿನಲ್ಲಿ ಬೀಸುವ ಪದ ಬರುವ ಎಂಟು ಹೆಣ್ಣುಮಕ್ಕಳಿದ್ದಾರೆ. ಎಲ್ಲರಿಗೂ ಅರವತ್ತೈದು ದಾಟಿದೆ. ಮೂವರನ್ನು ಈಗಾಗಲೇ ಕೇಳಿ, ಅರ್ಧ ಗಂಟೆಯ ಹಾಡು ಮೊಬೈಲಿನಲ್ಲಿ ಮುದ್ರಿಸಿದ್ದೇವೆ. ಅದರಲ್ಲಿ ಇಂತಿಂಥ ಪದಗಳಿವೆ. ಹನ್ನೊಂದು ತಿಂಗಳಲ್ಲಿ ಎಂಟು ಮಂದಿಯ ಜೊತೆ ತಲಾ ಐದು ಸಲ ಕೂತು, ಸುಮಾರು ಇಪ್ಪತ್ತು ಗಂಟೆ ಹಾಡು ಮುದ್ರಿಸಿ, ಬರೆದಿಳಿಸಿ, ಊರಿಗೆ ಮತ್ತು ಶಾಲೆಗೆ ಒಪ್ಪಿಸುತ್ತೇವೆ.' ಇಷ್ಟೇ. ಅಂದರೆ ಅರ್ಜಿ ಹಾಕುವ ಮೊದಲೇ ಮೂವರ ಮನೆಗೆ ಹೋಗಿ ಬಂದಿರಬೇಕು. ಅದಕ್ಕೆ ಯಾರ ಅನುದಾನವೂ ಬೇಕಿಲ್ಲ.

ಕೆಲಸದ ತಿಂಗಳುಗಳನ್ನು ಊರಿನ ಪಂಚಾಂಗ ನೋಡಿ ಹಾಕಿ, ಬೆಂಗಳೂರಿನದನ್ನಲ್ಲ. ಬಿತ್ತನೆಯ ದಿನಗಳಲ್ಲಿ ಅಜ್ಜಿಯೂ ಹೊಲದಲ್ಲಿರುತ್ತಾಳೆ. ಸುಗ್ಗಿ ಮುಗಿದ ಮೇಲೆ ಮಕ್ಕಳು ಗುಳೆ ಹೋದರೆ ಮೊಮ್ಮಕ್ಕಳ ಜವಾಬ್ದಾರಿ ಅವಳ ತಲೆಗೆ. ಮುಂದೆ ಮೊಹರಂ ಪದಕ್ಕೆ ಅರ್ಜಿ ಬರೆಯುವಾಗ ಆ ಹಬ್ಬ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ ಎನ್ನುವುದೂ ನೆನಪಿರಲಿ. ಹಣ ಬರುವಷ್ಟರಲ್ಲಿ ಹಬ್ಬ ಮುಗಿದು ಯೋಜನೆಯೇ ಒಂದು ವರ್ಷ ಮುಂದಕ್ಕೆ ಹೋದದ್ದುಂಟು.

ಬಜೆಟ್ಟಿನಲ್ಲಿ ಮೊದಲ ಸಾಲು ಹಾಡುವವರದಾಗಲಿ. ನನಗೆ ಬರುವ ಹೆಚ್ಚಿನ ಕರಡುಗಳಲ್ಲಿ ಮೊದಲ ಸಾಲು ಕ್ಯಾಮೆರಾ, ಎರಡನೆಯದು ಲ್ಯಾಪ್‌ಟಾಪ್, ಕಲಾವಿದರಿಗೆ ಕೊನೆಯಲ್ಲಿ ಶಾಲು-ಹಾರ. ಇದು ನನಗೆ ಸರಿಕಾಣುವುದಿಲ್ಲ. ಒಂದು ಹೊತ್ತು ಕೂತು ಹಾಡಿದ್ದಕ್ಕೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಎಂಟು ಮಂದಿ, ಐದು ಸಲ, 40,000. ಹಾಡನ್ನು ಬರೆದಿಳಿಸುವುದು ಅತಿ ಹೆಚ್ಚು ಸಮಯ ತಿನ್ನುವ ಕೆಲಸ. ಒಂದು ಗಂಟೆಯ ಹಾಡಿಗೆ ಎರಡು ದಿನ ಬೇಕು, ಹಳೆಯ ಮಾತುಗಳನ್ನು ಮತ್ತೆ ಹೋಗಿ ಕೇಳಬೇಕು. ಗಂಟೆಗೆ 1,500ರಂತೆ ನಿಮ್ಮ ಹುಡುಗರಿಗೆ 30,000. ಒಂದು ಕೈರೆಕಾರ್ಡರ್, ಎರಡು ಕಾಲರ್ ಮೈಕಿಗೆ 20,000. ಎರಡು ಹಾರ್ಡ್ ಡಿಸ್ಕ್, ಹಾಡಿದವರ ಮನೆಗೆಲ್ಲ ಒಂದೊಂದು ಪೆನ್‌ಡ್ರೈವ್ ಸೇರಿ 12,000. ಮುನ್ನೂರು ಪ್ರತಿ ಪುಸ್ತಿಕೆಗೆ 20,000, ಓಡಾಟಕ್ಕೆ 6,000, ಊರಲ್ಲಿ ಒಪ್ಪಿಸುವ ದಿನದ ಊಟ-ಶಾಮಿಯಾನಕ್ಕೆ 7,000, ಚಿಲ್ಲರೆ ಖರ್ಚಿಗೆ 5,000. ಒಟ್ಟು 1,40,000. ಇದನ್ನು ದುಂಡಗೆ ಒಂದೂವರೆ ಲಕ್ಷ ಮಾಡಬೇಡಿ. ಲೆಕ್ಕ ಹಾಕಿ ಬಂದ ಮೊತ್ತ ದುಂಡಗಿರುವುದು ಅಪರೂಪ, ಸಮಿತಿಯವರಿಗೆ ಅದು ಗೊತ್ತು.

ಹಣ ಕಂತಿನಲ್ಲಿ ಬರುತ್ತದೆ. ಎರಡನೇ ಕಂತು ತಡವಾಗುವುದು ವಾಡಿಕೆ. ಹಾಗಾಗಿ ಅಜ್ಜಿಯರ ಹಣವನ್ನು ಮೊದಲ ಕಂತಿನಲ್ಲೇ ತೀರಿಸಿ, ಹಾಡಿದ ದಿನವೇ ಕೊಡಿ. ಗೃಹಲಕ್ಷ್ಮಿಯ ದೆಸೆಯಿಂದ ಈಗ ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಖಾತೆ ಇದೆ. ಖಾತೆಗೆ ಹಾಕಿದರೆ ನಿಮಗೆ ದಾಖಲೆ ಸಲೀಸು. ಆದರೆ ಅದನ್ನು ತೆಗೆಯುವವರು ಯಾರು ಎಂದು ಮೊದಲು ವಿಚಾರಿಸಿ. ಮಗ ತೆಗೆಯುತ್ತಾನೆ ಎಂದಾದರೆ ಅಜ್ಜಿಯ ಕೈಗೇ ನಗದು ಕೊಟ್ಟು ವೋಚರಿಗೆ ಹೆಬ್ಬೆಟ್ಟು ಹಾಕಿಸಿಕೊಳ್ಳಿ, ಪಕ್ಕದಲ್ಲಿ ಸಾಕ್ಷಿಯ ಸಹಿ ಇರಲಿ. ಐದು ಸಾವಿರ ಮೀರಿದ ರಶೀದಿಗೆ ರೆವಿನ್ಯೂ ಸ್ಟಾಂಪ್ ಬೇಕು.

ಒಪ್ಪಿಗೆಯ ವಿಷಯವನ್ನು ಫಾರಂ ತುಂಬುವ ಶಾಸ್ತ್ರಕ್ಕೆ ಇಳಿಸಬೇಡಿ. ಬೀಸುವ ಪದದಲ್ಲಿ ಅತ್ತೆಯ ಕಾಟ, ಗಂಡನ ಸಿಟ್ಟು, ತವರಿನ ಹಂಬಲ, ಊರ ಗೌಡನ ಮೇಲಿನ ಕುಹಕ ಎಲ್ಲ ಬರುತ್ತದೆ. ನಡುಮನೆಯಲ್ಲಿ ನಸುಕಿಗೆ ಹಾಡಿಕೊಂಡದ್ದು ಯೂಟ್ಯೂಬಿಗೆ ಹೋಗಿ, ಮೈದುನನ ಮೊಬೈಲಿನಲ್ಲಿ ಮೊಳಗಿದರೆ ಆ ಹೆಣ್ಣುಮಗಳ ಪಾಡೇನು? ಪ್ರತಿ ಹಾಡಿಗೂ ಬೇರೆಬೇರೆಯಾಗಿ ಕೇಳಿ: ಇದನ್ನು ಎಲ್ಲರೂ ಕೇಳಬಹುದೇ, ಓದುವವರು ಬಂದು ಕೇಳಿದರೆ ಮಾತ್ರ ಕೊಡಬಹುದೇ, ಅಥವಾ ನಿಮ್ಮ ಮನೆಯವರಿಗೆ ಮಾತ್ರವೇ? ಉತ್ತರವನ್ನು ರೆಕಾರ್ಡರಿನಲ್ಲೇ ಮುದ್ರಿಸಿ. ಸಹಿ ಬಾರದವರಿಗೆ ಅದೇ ಗಟ್ಟಿ ದಾಖಲೆ. ಕಾಯ್ದೆಯ ಪ್ರಕಾರವೂ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ. ಪುಸ್ತಿಕೆಯ ಮುಖಪುಟದಲ್ಲಿ 'ಸಂಗ್ರಹ: ಇಂಥವರು' ಎಂದು ನಿಮ್ಮ ಹೆಸರು ದಪ್ಪಕ್ಷರದಲ್ಲಿ, ಹಾಡಿದವರ ಹೆಸರು ಕೊನೆಯ ಪುಟದಲ್ಲಿ ಎಂದಾಗುವುದು ಬೇಡ. ನಮ್ಮ ಸೀಮೆಯ ಬುರ್ರಕಥೆ ಎಂದರೆ ಇವತ್ತಿಗೂ ದರೋಜಿ ಈರಮ್ಮ ಅನ್ನುತ್ತೇವೆ. ಅವರು 2014ರಲ್ಲಿ ತೀರಿಕೊಂಡರು, ಹಾಡಿದ ಕಾವ್ಯಗಳು ಮಾತ್ರ ಅವರ ಹೆಸರಿನಲ್ಲೇ ನಿಂತಿವೆ.

ಧ್ವನಿಮುದ್ರಣಕ್ಕೆ ಕೂತಾಗ ಒಂದೆರಡು ಸಂಗತಿ ಗಮನಿಸಿ. ಕುರ್ಚಿಯಲ್ಲಿ ಕೂರಿಸಿ 'ಹಾಡವ್ವಾ' ಎಂದರೆ ನಾಲ್ಕು ನುಡಿ ಬಂದು ನಿಲ್ಲುತ್ತದೆ. ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿ, ಒಂದು ಸೇರು ಜೋಳ ಹಾಕಿ, ಎದುರಿಗೆ ಇನ್ನೊಬ್ಬ ಅಜ್ಜಿಯನ್ನು ಕೂರಿಸಿ ಗೂಟ ಹಿಡಿಸಿ. ಕೈ ತಿರುಗಿದ ಹಾಗೆ ಪದ ತಾನೇ ಬರುತ್ತದೆ, ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ಎತ್ತಿಕೊಡುತ್ತಾಳೆ. ತೊಂದರೆ ಏನೆಂದರೆ ಕಲ್ಲಿನ ಸದ್ದು ಮಾತನ್ನು ನುಂಗುತ್ತದೆ. ಮೊದಲು ಕಲ್ಲಿನ ಜೊತೆ ಪೂರ್ತಿ ಮುದ್ರಿಸಿ. ಆಮೇಲೆ ಕಲ್ಲು ನಿಲ್ಲಿಸಿ ಅದೇ ಪದವನ್ನು ನಿಧಾನಕ್ಕೆ ಹೇಳಿಸಿ ಮತ್ತೊಂದು ಮುದ್ರಣ ಮಾಡಿ, ಬರೆದಿಳಿಸಲು ಇದು ಬೇಕು. ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದೇ ಕೇಳುತ್ತದೆ, ಕುಪ್ಪಸದ ಅಂಚಿಗೆ ಸಿಕ್ಕಿಸಿ, ಸೆರಗು ತಾಗದಿರಲಿ. ಬಳೆ ತೆಗೆಯಿರಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ಫ್ಯಾನ್ ಆರಿಸಿ, ನಿಮ್ಮ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮುದ್ರಣ ವೇವ್ ಫೈಲಿನಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ, ಇಪ್ಪತ್ತು ಗಂಟೆ ಒಂದು ಸಾಧಾರಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ವಿಡಿಯೊ ಮೋಹಕ್ಕೆ ಬೀಳಬೇಡಿ, ಪ್ರತಿಯೊಬ್ಬರದೂ ಹತ್ತು ನಿಮಿಷ ಇದ್ದರೆ ಸಾಕು.

ಫೈಲಿಗೆ ಅವತ್ತೇ ಹೆಸರಿಡಿ: ಊರು, ಹಾಡಿದವರು, ದಿನಾಂಕ, ಕ್ರಮಸಂಖ್ಯೆ. ಜೊತೆಗೆ ಒಂದು ನೋಟ್‌ಬುಕ್‌ನಲ್ಲಿ ಅವರ ತವರೂರು ಯಾವುದು, ಪದ ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳಿ. ಪದಗಳು ಸೊಸೆಯಂದಿರ ಜೊತೆ ಊರಿಂದೂರಿಗೆ ನಡೆದು ಬಂದವು. ಸಿಂಧನೂರು ಕಡೆಯ ತವರಿನವಳ ಪದಕ್ಕೂ ಕುಷ್ಟಗಿ ಕಡೆಯವಳ ಪದಕ್ಕೂ ಇರುವ ವ್ಯತ್ಯಾಸ ಈ ನೋಟ್‌ಬುಕ್ ಇಲ್ಲದೆ ಯಾರಿಗೂ ತಿಳಿಯದು. ಮೂರು ಪ್ರತಿ ಇರಲಿ: ಒಂದು ನಿಮ್ಮಲ್ಲಿ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಒಂದು ಊರಾಚೆ. ಆಚೆಯದಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ಕೇಳಿ ನೋಡಿ. 1991ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯ ಮೌಖಿಕ ಕಾವ್ಯಗಳ ಸಂಗ್ರಹದಲ್ಲಿ ನುರಿತಿದೆ, ನಿಮಗೆ ದೂರವೂ ಅಲ್ಲ. ಅವರಿಂದ 'ಪ್ರತಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದೇವೆ' ಎಂಬ ಒಂದು ಪತ್ರ ಅರ್ಜಿಯ ಜೊತೆಗಿದ್ದರೆ ಅದರ ತೂಕವೇ ಬೇರೆ.

ದೊಡ್ಡಾಟದ ಹಸ್ತಪ್ರತಿಗೆ ಯಾವ ಅನುದಾನಕ್ಕೂ ಕಾಯಬೇಡಿ, ಈ ಭಾನುವಾರವೇ ಹೋಗಿ. ಮನೆಯವರ ಎದುರೇ, ಅವರ ಜಗಲಿಯಲ್ಲೇ, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಪುಟಪುಟವೂ ಮೊಬೈಲಿನಲ್ಲಿ ತೆಗೆಯಿರಿ. ಖಾಲಿ ಪುಟವನ್ನೂ ರಟ್ಟನ್ನೂ ಬಿಡಬೇಡಿ. ಆಟ ಯಾವ ವರ್ಷ ಆಯಿತು, ಯಾರು ಯಾವ ಪಾತ್ರ ಕಟ್ಟಿದರು, ಯಾರಿಂದ ಎಷ್ಟು ವಂತಿಗೆ ಬಂತು ಎಂಬುದೆಲ್ಲ ಸಾಮಾನ್ಯವಾಗಿ ರಟ್ಟಿನ ಒಳಗಡೆಯೇ ಇರುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಖಂಡಿತ ಮಾಡಿಸಬೇಡಿ, ಎರಡೂ ಕಾಗದವನ್ನು ಮತ್ತೆ ಬಿಡಿಸಲಾಗದಂತೆ ಕೆಡಿಸುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದ ತಗಡಿನ ಪೆಟ್ಟಿಗೆಯಲ್ಲಿ ಅವರ ಮನೆಯಲ್ಲೇ ಇಡಲಿ. 'ನಮಗೆ ಕೊಡಿ, ಜೋಪಾನ ಮಾಡುತ್ತೇವೆ' ಎಂದು ಕೇಳಬೇಡಿ. ಹಾಗೆ ಒಯ್ದು ವಾಪಸು ಬಾರದ ಹಸ್ತಪ್ರತಿಗಳ ಕಥೆ ನಮ್ಮ ಕಡೆ ಪ್ರತಿ ಆಟದ ಮನೆತನದಲ್ಲೂ ಒಂದಿದೆ. ನೀವು ಕೇಳಿದ ಕೂಡಲೇ ಅವರ ಮುಖ ಗಂಟಾಗುವುದು ಅದಕ್ಕೇ.

ಅಗಸೆಯ ದುರಸ್ತಿ ಸಣ್ಣ ಅನುದಾನದ ಕೆಲಸವಲ್ಲ, ನಿಮ್ಮ ತಂಡ ಕೈ ಹಾಕುವ ಕೆಲಸವೂ ಅಲ್ಲ. ಅದು ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿದೆಯೋ ಎಂದು ಪುರಾತತ್ವ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಸುತ್ತಲಿನ 100 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ನಿಷೇಧ ಇದೆ, ದುರಸ್ತಿಗೂ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಪಂಚಾಯಿತಿಯ ಠರಾವು ಮಾಡಿಸಿ, ಫೋಟೊ ಸಮೇತ ಇಲಾಖೆಗೆ ಬರೆಯಿರಿ. ಅಷ್ಟರೊಳಗೆ ಊರಿನ ಯಾರಾದರೂ ಹುರುಪಿನಲ್ಲಿ ಸಿಮೆಂಟ್ ಮೆತ್ತಿಸಿ ಆಯಿಲ್ ಪೇಂಟ್ ಹೊಡೆಸದ ಹಾಗೆ ನೋಡಿಕೊಳ್ಳಿ. ಎತ್ತರ, ಅಗಲ, ಕಲ್ಲಿನ ಸಾಲುಗಳ ಅಳತೆ ತೆಗೆದು, ನಾಲ್ಕೂ ಕಡೆಯಿಂದ ಫೋಟೊ ಹಿಡಿದು, ತಾರೀಖು ಬರೆದಿಡುವ ಕೆಲಸವನ್ನು ನಿಮ್ಮ ಒಂಬತ್ತನೇ ತರಗತಿಯ ಮಕ್ಕಳು ಒಂದು ಶನಿವಾರದಲ್ಲಿ ಮುಗಿಸುತ್ತಾರೆ.